ದಂಡಶುಲ್ಕ ಸಹಿತ

ವಿಶ್ವವಿದ್ಯಾಲಯಗಳಲ್ಲಿ ಕೊನೆಯ ದಿನಾಂಕ ಎನ್ನುವುದು ಒಂದೇ ಇರುವುದಿಲ್ಲ, ಸಾಮಾನ್ಯವಾಗಿ ಮೂರಿರುತ್ತವೆ. ದಂಡಶುಲ್ಕವಿಲ್ಲದೆ ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನಾಂಕ, ದಂಡಶುಲ್ಕ ಸಹಿತ ಕೊನೆಯ ದಿನಾಂಕ, ವಿಶೇಷ ದಂಡಶುಲ್ಕ ಸಹಿತ ಕೊನೆಯ ದಿನಾಂಕ. ಮೂರೂ ಮುಗಿದವಲ್ಲ ಎಂದು ನಿಟ್ಟುಸಿರು ಬಿಡುವ ಹೊತ್ತಿಗೆ ನೋಟಿಸ್ ಬೋರ್ಡಿಗೆ ಇನ್ನೊಂದು ಹಾಳೆ ಬೀಳುತ್ತದೆ: ವಿದ್ಯಾರ್ಥಿಗಳ ಹಿತದೃಷ್ಟಿಯಿಂದ ದಿನಾಂಕವನ್ನು ವಿಸ್ತರಿಸಲಾಗಿದೆ. ಈ ಗುಟ್ಟು ಬಲ್ಲ ಹುಡುಗರು ಮೊದಲನೆಯ ದಿನಾಂಕದ ಕಡೆ ತಲೆಯೆತ್ತಿಯೂ ನೋಡುವುದಿಲ್ಲ. ಗುಟ್ಟು ತಿಳಿಯದ ನಮ್ಮಂಥವರು ಮೊದಲ ದಿನವೇ ಹಲ್ಲುಜ್ಜಿ ಹೊರಟು, 'ಸರ್ವರ್ ಡೌನ್ ಇದೆ, ನಾಳೆ ಬನ್ನಿ' ಎಂದು ಹೇಳಿಸಿಕೊಂಡು ಬರುತ್ತೇವೆ.

ನಾನು ಬ್ಯಾಂಕಿನಲ್ಲಿದ್ದವನು. ನಮಗೆ ಮಾರ್ಚ್ 31 ಅಂದರೆ ಮಾರ್ಚ್ 31. ಆ ರಾತ್ರಿ ಮನೆಗೆ ಹೋಗದೆ ಲೆಡ್ಜರ್ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ್ದುಂಟು. ನನ್ನ ತಮ್ಮ ಇದನ್ನೇ ದೊಡ್ಡ ಅರ್ಹತೆ ಎಂದು ತಿಳಿದು, 'ನಿನಗಾದರೆ ಆಫೀಸಿನ ವ್ಯವಹಾರ ಗೊತ್ತು, ನೀನೇ ಅವಳ ಜೊತೆ ಹೋಗಿ ಬಾ' ಎಂದು ತನ್ನ ಮಗಳನ್ನು ನನಗೆ ಗಂಟುಹಾಕಿದ. ಅವಳು ನಾಲ್ಕು ವರ್ಷದ ಆನರ್ಸ್ ಪದವಿ ಮುಗಿಸಿ ಜರ್ಮನಿಗೆ ಹೊರಟು ನಿಂತಿದ್ದಳು. ಅದಕ್ಕೆ ಟ್ರಾನ್ಸ್‌ಕ್ರಿಪ್ಟ್ ಬೇಕಂತೆ.

"ಮಾರ್ಕ್ಸ್ ಕಾರ್ಡ್ ಇದಾವಲ್ಲಮ್ಮ, ಎಂಟೂ ಸೆಮಿಸ್ಟರಿಂದು?"

"ಅದಲ್ಲ ದೊಡ್ಡಪ್ಪ. ಎಂಟನ್ನೂ ಸೇರಿಸಿ ಒಂದೇ ಕಡೆ ಟೈಪ್ ಮಾಡಿ, ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಸೀಲು ಸಹಿ ಹಾಕಿ ಕೊಡ್ತಾರೆ. ನಾವು ಒಡೆಯೋ ಹಾಗಿಲ್ಲ."

ಅಂದರೆ ಅವಳ ಅಂಕಗಳನ್ನು ಪ್ರಪಂಚದಲ್ಲಿ ಯಾರು ಬೇಕಾದರೂ ನೋಡಬಹುದು, ಅವಳು ಮಾತ್ರ ನೋಡಬಾರದು. ನಮ್ಮ ಕಾಲದಲ್ಲಿ ಇದು ತಿರುಗುಮುರುಗಾಗಿತ್ತು. ರಿಸಲ್ಟು ಪತ್ರಿಕೆಯಲ್ಲಿ ಬರುತ್ತಿತ್ತು, ಇರುವೆಸಾಲಿನಂಥ ರಿಜಿಸ್ಟರ್ ನಂಬರುಗಳಾಗಿ. ನಮ್ಮ ನಂಬರು ನಮಗಿಂತ ಮೊದಲು ಹೋಟೆಲಿನವನಿಗೆ, ಕ್ಷೌರದಂಗಡಿಯವನಿಗೆ, ಎದುರುಮನೆಯ ಮಾಸ್ತರರಿಗೆ ಗೊತ್ತಾಗಿರುತ್ತಿತ್ತು. ಆಗ ನಮಗೆ ಬೇಕಾಗಿದ್ದ ಪದಗಳೂ ಕಡಿಮೆ. ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು, ಪಾಸ್ ಕ್ಲಾಸು. ಇವು ಮೂರರಲ್ಲೂ ಸೇರದವನು ಡುಮ್ಕಿ. ಡುಮ್ಕಿಗೆ ಯಾವ ವಿವರಣೆಯೂ ಬೇಕಿರಲಿಲ್ಲ. ಈಗಿನ ಫಲಿತಾಂಶದಲ್ಲಿ ಎಷ್ಟೊಂದು ಬಗೆ! ಎಂಜಿನಿಯರಿಂಗ್ ಓದುವ ಪಕ್ಕದ ಮನೆಯ ಹುಡುಗನ ರಿಸಲ್ಟಿನಲ್ಲಿ ಎಫ್ ಅಂದರೆ ಫೇಲು, ಎ ಅಂದರೆ ಗೈರು, ಡಬ್ಲ್ಯು ಅಂದರೆ ತಡೆಹಿಡಿದದ್ದು, ಎಕ್ಸ್ ಅಂದರೆ ಪರೀಕ್ಷೆ ಬರೆಯಲೇ ಅರ್ಹನಲ್ಲ. 'ಎ ಬಂದಿದೆ' ಎಂದು ಅವನು ಹೇಳಿದ ದಿನ ಅವರಮ್ಮ ನಮ್ಮ ಮನೆಗೂ ಪಾಯಸ ಕಳಿಸಿದ್ದರು. ಪಾಯಸ ಚೆನ್ನಾಗಿಯೇ ಇತ್ತು.

ಹೊರಡುವ ಮುಂಚೆ ಸ್ವಲ್ಪ ತಯಾರಿಯಿರಲಿ ಎಂದು ವಿಶ್ವವಿದ್ಯಾಲಯದ ಅಧಿಕಾರವರ್ಗದ ಹೆಸರುಗಳನ್ನು ಓದಿಕೊಂಡೆ. ಮೊದಲ ಸಾಲಿಗೇ ನಿಂತೆ. ಸಿಂಡಿಕೇಟ್. ನನ್ನ ಜಮಾನದ ಬ್ಯಾಂಕಿನವರಿಗೆ ಸಿಂಡಿಕೇಟ್ ಅಂದರೆ ಒಂದೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮಣಿಪಾಲದಲ್ಲಿ ಬೆಳೆದು, 2020ರ ಏಪ್ರಿಲ್ ಒಂದಕ್ಕೆ ಕೆನರಾ ಬ್ಯಾಂಕಿನಲ್ಲಿ ಲೀನವಾದದ್ದು. ವಿಶ್ವವಿದ್ಯಾಲಯದ ಸಿಂಡಿಕೇಟು ಯಾವುದರಲ್ಲೂ ಲೀನವಾಗುವ ಜಾತಿಯದಲ್ಲ. ನೇಮಕಾತಿ, ಕಟ್ಟಡ, ಹಣಕಾಸು, ಯಾರ ಮೇಲೆ ವಿಚಾರಣೆ, ಎಲ್ಲವೂ ಅದರ ಮುಂದೆ ಬರಬೇಕು. ಪಾಠಪ್ರವಚನದ ಸಂಗತಿಗಳಿಗೆ ಅಕಾಡೆಮಿಕ್ ಕೌನ್ಸಿಲ್ ಬೇರೆ ಇದೆ. ಪಠ್ಯದಲ್ಲಿ ಒಂದು ಪದ್ಯ ತೆಗೆದು ಇನ್ನೊಂದು ಹಾಕಬೇಕೆಂದರೆ ಮೊದಲು ಬಿಓಎಸ್, ಅಂದರೆ ಅಧ್ಯಯನ ಮಂಡಳಿ, ಆಮೇಲೆ ನಿಕಾಯ, ಆಮೇಲೆ ಈ ಕೌನ್ಸಿಲ್ಲು. ಅಷ್ಟರಲ್ಲಿ ಆ ಪದ್ಯ ಓದಬೇಕಾಗಿದ್ದ ಹುಡುಗನಿಗೆ ಮದುವೆಯಾಗಿರುತ್ತದೆ. ಬಿಓಎಸ್ ಜೊತೆಗೆ ಬಿಓಇ ಅಂತಲೂ ಒಂದಿದೆ. ಅದು ಪರೀಕ್ಷಕರ ಮಂಡಳಿ. ಒಂದು ಅಕ್ಷರ ತಪ್ಪಿ ಕಾಗದ ಆಚೆ ಮಂಡಳಿಗೆ ಹೋದರೆ ಪದ್ಯವನ್ನು ಕಲಿಸುವ ಮೊದಲೇ ಪ್ರಶ್ನೆ ಬಂದುಬಿಡುವ ಅಪಾಯವಿದೆ.

ಇನ್ನು ಕುಲಪತಿಗಳು. ಕುವೆಂಪು ಮೈಸೂರಿನಲ್ಲಿ 1956ರಿಂದ 1960ರವರೆಗೆ ಕೂತಿದ್ದ ಕುರ್ಚಿಗೆ ಆಗಿನ ಕನ್ನಡದಲ್ಲಿ ಉಪಕುಲಪತಿ ಎನ್ನುತ್ತಿದ್ದರು. ಮಾನಸಗಂಗೋತ್ರಿಗೆ ಆ ಹೆಸರಿಟ್ಟದ್ದು ಉಪಕುಲಪತಿ ಕುವೆಂಪು. ಆಮೇಲೆ ಎಂದೋ 'ಉಪ' ಉದುರಿಹೋಯಿತು. ಬಡ್ತಿಯ ಆದೇಶವಿಲ್ಲ, ಬಾಕಿ ವೇತನವಿಲ್ಲ, ಒಂದು ಬೆಳಗ್ಗೆ ಎಲ್ಲರೂ ಕುಲಪತಿ. ಮೇಲಿನ ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮ ಕುಲಾಧಿಪತಿ. ಸರಿ, ಅರ್ಥವಾಯಿತು ಎಂದುಕೊಂಡು ನೀವು ನಿಪ್ಪಾಣಿ ದಾಟಿ ಕೊಲ್ಹಾಪುರಕ್ಕೆ ಹೋದಿರೋ, ಕೆಟ್ಟಿರಿ. ಅಲ್ಲಿನ ಮರಾಠಿಯಲ್ಲಿ ಕುಲಪತಿ ಎಂದರೆ ರಾಜ್ಯಪಾಲರು. ನಮ್ಮ ಕುಲಪತಿಗೆ ಅಲ್ಲಿ ಕುಲಗುರು ಎನ್ನುತ್ತಾರೆ. ನಿಪ್ಪಾಣಿ ಶಾಖೆಯಲ್ಲಿದ್ದಾಗ ನನ್ನ ಸಹೋದ್ಯೋಗಿಯೊಬ್ಬರು ತಮ್ಮ ಭಾವ ಕುಲಪತಿಗಳ ಆಪ್ತ ಶಾಖೆಯಲ್ಲಿದ್ದಾರೆ ಎಂದು ಹೇಳಿಕೊಂಡಿದ್ದರು. ನಾವೆಲ್ಲ ಅವರನ್ನು ಮುಂಬೈ ರಾಜಭವನದ ಮನುಷ್ಯರೆಂದು ತಿಳಿದು ವರ್ಷಗಟ್ಟಲೆ ಚಹಾದ ದುಡ್ಡು ಕೊಡಗೊಡಲಿಲ್ಲ. ಅವರ ಭಾವ ಇದ್ದದ್ದು ಧಾರವಾಡದಲ್ಲಿ.

ಕುಲಸಚಿವರಲ್ಲಿ ಇಬ್ಬರು. ಒಬ್ಬರು ಬರೀ ಕುಲಸಚಿವರು. ಇನ್ನೊಬ್ಬರು ಕುಲಸಚಿವರು (ಮೌಲ್ಯಮಾಪನ). ಪರೀಕ್ಷೆ, ಫಲಿತಾಂಶ, ಮರುಮೌಲ್ಯಮಾಪನ, ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಕಾಗುಣಿತ, ವಿದ್ಯಾರ್ಥಿಕುಲದ ಸಕಲ ಸಂಕಟಗಳೂ ಆ ಕಂಸದೊಳಗೆ ವಾಸವಾಗಿವೆ. ನಮಗೆ ಬೇಕಾಗಿದ್ದದ್ದು ಈ ಕಂಸದವರ ಕಚೇರಿ.

ಯಾವ ವಿಶ್ವವಿದ್ಯಾಲಯ ಎಂದು ಕೇಳಬೇಡಿ. ಅಲ್ಲಿನ ಮೇಡಂ ಒಳ್ಳೆಯವರು, ಊಟದ ಡಬ್ಬಿ ಬಿಚ್ಚಿದ್ದರೂ ಅರ್ಜಿ ತೆಗೆದುಕೊಂಡರು. ಟ್ರಾನ್ಸ್‌ಕ್ರಿಪ್ಟಿನ ಜೊತೆಗೆ ಇನ್ನೊಂದು ಕಾಗದವೂ ಬೇಕಿತ್ತು. ಹುಡುಗಿ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ್ದಾಳೆ ಎಂದು ವಿಶ್ವವಿದ್ಯಾಲಯ ಬರೆದುಕೊಡಬೇಕು. ಆಡಳಿತಭಾಷೆ ಕನ್ನಡವಾದ್ದರಿಂದ ಅರ್ಜಿ ಕನ್ನಡದಲ್ಲಿದ್ದರೆ ಬೇಗ ಹೋಗುತ್ತದೆ ಎಂದು ಅಟೆಂಡರು ಹೇಳಿದ. ನನಗೆ ಎಲ್ಲಿಲ್ಲದ ಹುರುಪು ಬಂತು. ಬೆಂಚಿನ ಮೇಲೆ ಕೂತು, 'ಮಾನ್ಯರೇ, ಸದರಿ ವಿದ್ಯಾರ್ಥಿನಿಯು ಆಂಗ್ಲ ಮಾಧ್ಯಮದಲ್ಲಿ ವ್ಯಾಸಂಗ ಮಾಡಿರುವ ಬಗ್ಗೆ ದೃಢೀಕರಣವನ್ನು ದಯಪಾಲಿಸಬೇಕಾಗಿ' ಎಂದು ಷಟ್ಪದಿಯ ಗತ್ತಿನಲ್ಲಿ ಬರೆದುಕೊಟ್ಟೆ. ವಾರ ಬಿಟ್ಟು ಹೋದರೆ ಅರ್ಜಿ ನಾಪತ್ತೆ. ಹುಡುಕಿ ಹುಡುಕಿ ಕೊನೆಗೆ ಎರಡನೇ ಮಹಡಿಯ ಅಟೆಸ್ಟೇಷನ್ ವಿಭಾಗದಲ್ಲಿ ಸಿಕ್ಕಿತು. ಅಲ್ಲಿ ಅದು 'ಮೂಲ ದಾಖಲೆ ಲಗತ್ತಿಸಿಲ್ಲ' ಎಂಬ ಷರಾ ಹೊತ್ತು ಕೂತಿತ್ತು.

"ಸಾರ್, ನೀವು ದೃಢೀಕರಣ ಅಂತ ಬರೆದಿದ್ದೀರಲ್ಲ, ಟಪ್ಪಾಲಿನವರು ಅಟೆಸ್ಟೇಷನ್ ಅಂತ ಆ ಕಡೆ ಕಳಿಸಿದಾರೆ. ಮೇಲೆ ಎಂಓಐ ಅಂತ ಬರೆದಿದ್ದರೆ ನೇರ ನನ್ನ ಟೇಬಲಿಗೇ ಬರ್ತಿತ್ತು" ಎಂದರು ಮೇಡಂ, ತೀರಾ ನೊಂದುಕೊಂಡು. ನನ್ನ ತಮ್ಮನ ಮಗಳು ಕಿಟಕಿಯಾಚೆ ನೋಡುತ್ತ ನಗು ತಡೆದುಕೊಂಡಳು.

ಅಲ್ಲಿಂದ ಫೈಲು 'ಪುಟಪ್' ಆಯಿತು. ಬ್ಯಾಂಕಿನಲ್ಲಿ ನಾವೂ ಪುಟಪ್ ಮಾಡಿದವರೇ, ಆದರೆ ನಮ್ಮದು ಮ್ಯಾನೇಜರ ಗಾಜಿನ ಕೋಣೆಯವರೆಗಿನ ಪ್ರಯಾಣ. ಇಲ್ಲಿ ಕೇಸ್ ವರ್ಕರಿಂದ ಸೂಪರಿಂಟೆಂಡೆಂಟರಿಗೆ, ಅಲ್ಲಿಂದ ಸಹಾಯಕ ಕುಲಸಚಿವರಿಗೆ, ಉಪ ಕುಲಸಚಿವರಿಗೆ, ಕಡೆಗೆ ಕಂಸದವರಿಗೆ; ಆಮೇಲೆ ಅದೇ ದಾರಿಯಲ್ಲಿ ಇಳಿಯಬೇಕು. ಮೇಲಿಂದ ಇಳಿದು ಬಂದ ನಮ್ಮ ಫೈಲಿನಲ್ಲಿ ಹಸಿರು ಮಸಿಯಲ್ಲಿ ಒಂದೇ ಒಂದು ಪದವಿತ್ತು: 'ಚರ್ಚಿಸಿ.' ಯಾರು, ಯಾರೊಡನೆ, ಏನನ್ನು ಎಂಬ ವಿವರವಿಲ್ಲ. ಅನುಭವಸ್ಥರ ಪ್ರಕಾರ ಇದನ್ನು ಬರೆದವರು ಬಿಡುವಾಗಿದ್ದಾಗ ಬಾಗಿಲ ಬಳಿ ಹೋಗಿ ನಿಂತರೆ 'ಏನ್ರೀ ಅದು?' ಎನ್ನುತ್ತಾರೆ. 'ಎಂಓಐ ಸಾರ್' ಎಂದರೆ 'ಹೂಂ' ಎನ್ನುತ್ತಾರೆ. ಚರ್ಚೆ ಮುಗಿಯಿತು.

ಈ ಹೊತ್ತಿನಲ್ಲಿ ನಮ್ಮನ್ನು ಕಾಪಾಡಿದವನು ಗೇಟಿನೆದುರಿನ ಜೆರಾಕ್ಸ್ ಅಂಗಡಿಯವನು. 'ಇಲ್ಲಿ ಎಲ್ಲಾ ತರಹದ ಅರ್ಜಿಗಳನ್ನು ಆನ್‌ಲೈನ್ ಮೂಲಕ ಹಾಕಿಕೊಡಲಾಗುವುದು' ಎಂಬ ಬೋರ್ಡು. ಒಳಗೆ ಎರಡು ಕಂಪ್ಯೂಟರು, ಒಂದು ಲ್ಯಾಮಿನೇಷನ್ ಯಂತ್ರ, ಗಮ್ಮಿನ ಡಬ್ಬಿ, ದಾರದಲ್ಲಿ ಕಟ್ಟಿದ ಪೆನ್ನು, ಪಾಸ್‌ಪೋರ್ಟ್ ಸೈಜಿನ ಫೋಟೋ ಕತ್ತರಿಸಿ ಉಳಿದ ಬಿಳಿ ಅಂಚುಗಳ ರಾಶಿ. ಆತ ಓದಿದ್ದು ಪಿಯುಸಿ. ಆದರೆ ವಿಶ್ವವಿದ್ಯಾಲಯದ ಯಾವ ಪದಕ್ಕೆ ಯಾವ ಕಿಟಕಿ, ಎಷ್ಟು ಚಲನ್ ಎನ್ನುವುದನ್ನು ಆತನಷ್ಟು ಖಚಿತವಾಗಿ ಹೇಳಬಲ್ಲವರು ಒಳಗಡೆ ಯಾರೂ ಇಲ್ಲ. ಪ್ರೊಫೆಸರುಗಳೇ ತಮ್ಮ ಮಕ್ಕಳ ಕೆಲಸಕ್ಕೆ ಬಂದು ಅವನ ಮುಂದೆ ನಿಂತಿದ್ದನ್ನು ಕಣ್ಣಾರೆ ಕಂಡೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಕಾಯಿಲೆ ಗುರುತಿಸುತ್ತಾನೆ.

"ಪಿಡಿಸಿ ಸಾಕೋ, ಕಾನ್ವೊಕೇಷನ್ನೇ ಬೇಕೋ?"

ಪಿಡಿಸಿ ಎಂದರೆ ಘಟಿಕೋತ್ಸವ ಆಗುವವರೆಗಿನ ತಾತ್ಕಾಲಿಕ ಪದವಿ ಪತ್ರ. ಕಾನ್ವೊಕೇಷನ್ ಎಂದರೆ ಸಮಾರಂಭವಲ್ಲ, ಅಲ್ಲಿ ಕೊಡುವ ಕಾಗದ. ಸಮಾರಂಭಕ್ಕೆ ಹೋಗದೆಯೂ ಕಾನ್ವೊಕೇಷನ್ ತೆಗೆದುಕೊಳ್ಳಬಹುದು. ಮೈಗ್ರೇಷನ್ ಅಂದರೆ 'ಇವನು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ನಮ್ಮ ಅಭ್ಯಂತರವಿಲ್ಲ'. ಎಲಿಜಿಬಿಲಿಟಿ ಅಂದರೆ 'ಬಂದರೆ ನಮ್ಮ ಅಭ್ಯಂತರವಿಲ್ಲ.' ಬೋನಫೈಡ್ ಅಂದರೆ 'ಇವನು ನಮ್ಮವನೇ.' ನೋ ಡ್ಯೂಸ್ ಅಂದರೆ ಇವನು ಲೈಬ್ರರಿಯ ಪುಸ್ತಕ, ಲ್ಯಾಬಿನ ಬೀಕರು, ಹಾಸ್ಟೆಲಿನ ಬಕೆಟ್ಟು ಯಾವುದನ್ನೂ ಒಯ್ದಿಲ್ಲ. ಕಂಡೋನೇಷನ್ ಅಂದರೆ ನೂರಕ್ಕೆ 75 ಹಾಜರಾತಿ ಇಲ್ಲದ್ದನ್ನು ಸಕಾರಣ ಮನ್ನಿಸುವುದು. ಸಕಾರಣ ಎಂದರೆ ವೈದ್ಯರ ಚೀಟಿ. ರೀಟೋಟಲಿಂಗಿನಲ್ಲಿ ಕೂಡಿದ್ದನ್ನು ಮತ್ತೆ ಕೂಡುತ್ತಾರೆ, ರೀವ್ಯಾಲ್ಯುಯೇಷನ್ನಿನಲ್ಲಿ ಓದಿದ್ದನ್ನು ಮತ್ತೆ ಓದುತ್ತಾರೆ. ಇಷ್ಟನ್ನೂ ಆತ ಒಂದು ಕೈಯಲ್ಲಿ ಬೆರಳಚ್ಚು ಮಾಡುತ್ತ, ಇನ್ನೊಂದು ಕೈಯಲ್ಲಿ ಚಿಲ್ಲರೆ ಎಣಿಸುತ್ತ, ಬಾಯಲ್ಲಿ ಸ್ಟೇಪ್ಲರ್ ಪಿನ್ನಿನ ಪೊಟ್ಟಣ ಕಚ್ಚಿಕೊಂಡು ಹೇಳಿದ.

ಅಲ್ಲೇ ಒಬ್ಬ ಸಂಶೋಧಕ ತನ್ನ ಮಹಾಪ್ರಬಂಧಕ್ಕೆ ಬೈಂಡಿಂಗ್ ಹಾಕಿಸುತ್ತಿದ್ದ. ಎಂಟು ಪರ್ಸೆಂಟ್ ಬಂದಿದೆ ಎಂದು ಖುಷಿಯಲ್ಲಿದ್ದ. ಪಾಪ, ಎಂಟಕ್ಕೇ ಇಷ್ಟು ಸಂತೋಷವೇ ಎಂದು ವಿಚಾರಿಸಿದೆ. ಯುಜಿಸಿಯ 2018ರ ನಿಯಮದಂತೆ ಪ್ರಬಂಧದಲ್ಲಿ ಬೇರೆಯವರ ಬರವಣಿಗೆಯ ಹೋಲಿಕೆ ನೂರಕ್ಕೆ ಹತ್ತರವರೆಗಿದ್ದರೆ ದಂಡನೆಯಿಲ್ಲವಂತೆ.

"ಅಂದ್ರೆ ಹತ್ತರವರೆಗೆ ಕದ್ದರೆ ರಿಯಾಯಿತಿ ಅನ್ನಿ."

"ಕದಿಯೋದಲ್ಲ ಸಾರ್. ಸಿಮಿಲಾರಿಟಿ."

ನನಗೆ ನಮ್ಮ ಬ್ಯಾಂಕಿನ ಸಾಲ ಮನ್ನಾದ ದಿನಗಳು ನೆನಪಾದವು, ಆದರೆ ಹುಡುಗನ ಸಂತೋಷ ಕೆಡಿಸಬಾರದೆಂದು ಸುಮ್ಮನಾದೆ.

ಬ್ಯಾಂಕಿನವನಿಗೆ ಎಲ್ಲಕ್ಕಿಂತ ಕಷ್ಟವಾದ ಪದ ಕ್ರೆಡಿಟ್. ವಾರಕ್ಕೆ ಒಂದು ಗಂಟೆ ಪಾಠ ಒಂದು ಸೆಮಿಸ್ಟರ್ ಪೂರ್ತಿ ಕೇಳಿದರೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದರೆ ಎರಡು ಗಂಟೆಗೆ ಒಂದು. 'ಕೇಳಿದರೆ' ಎನ್ನುವುದು ನನ್ನ ಮಾತು, ನಿಯಮ ಅಷ್ಟು ದೂರ ಹೋಗುವುದಿಲ್ಲ. ಈ ಕ್ರೆಡಿಟ್ಟುಗಳನ್ನು ಇಡಲು ಬ್ಯಾಂಕೂ ಇದೆ, ನಿಜವಾಗಿ! 2021ರಲ್ಲಿ ಯುಜಿಸಿ ನಿಯಮ ಮಾಡಿ ತೆರೆದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಹುಡುಗರು ಚಿಕ್ಕದಾಗಿ ಎಬಿಸಿ ಐಡಿ ಎನ್ನುತ್ತಾರೆ. ಒಂದು ಕಡೆ ಓದು ಬಿಟ್ಟವನು ಅಲ್ಲಿ ಜಮಾ ಇಟ್ಟ ಕ್ರೆಡಿಟ್ಟನ್ನು ಇನ್ನೊಂದು ಕಡೆ ತೆಗೆಯಬಹುದು. ಆದರೆ ಹೆಚ್ಚೆಂದರೆ ಏಳು ವರ್ಷ. ಬಡ್ಡಿಯಿಲ್ಲ, ನಾಮಿನಿಯಿಲ್ಲ, ಅವಧಿ ಮುಗಿದರೆ ಅಸಲೂ ಇಲ್ಲ. ಇಂಥ ಷರತ್ತಿನ ಠೇವಣಿಯನ್ನು ನಾನು ಕೌಂಟರಿನಲ್ಲಿ ಕೂತು ಮಾರಿದ್ದರೆ ಗಿರಾಕಿಗಳು ಅಟ್ಟಿಸಿಕೊಂಡು ಬರುತ್ತಿದ್ದರು. ನನ್ನ ಬುದ್ಧಿಗೆ ಸುಲಭವಾಗಿ ನಿಲುಕಿದ್ದು ಇಂಟರ್ನಲ್ ಮಾರ್ಕ್ಸು. ಅದು ಅಪ್ಪಟ ಪಿಗ್ಮಿ. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಶುರುಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದ. ಹಾಗೆಯೇ ಇಲ್ಲೂ ಒಂದು ಅಸೈನ್‌ಮೆಂಟು, ಒಂದು ಸೆಮಿನಾರು, ಒಂದು ಟೆಸ್ಟು, ಮೇಷ್ಟರನ್ನು ಕಂಡಾಗಲೆಲ್ಲ ಒಂದು ನಮಸ್ಕಾರ. ವರ್ಷದ ಕೊನೆಗೆ ನೋಡಿದರೆ ಕಷ್ಟಕಾಲಕ್ಕಾಗುವಷ್ಟು ಸೇರಿರುತ್ತದೆ.

ಒಂದೇ ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಇಬ್ಬರಿಗೂ ಬೇರೆ ಬೇರೆ ಪದಕೋಶ ಬೇಕು ಎನ್ನುವುದು ಇತ್ತೀಚಿನ ಬೆಳವಣಿಗೆ. ಕರ್ನಾಟಕದಲ್ಲಿ 2021-22ಕ್ಕೆ ಎನ್‌ಇಪಿ ಬಂತು. ನನ್ನ ತಮ್ಮನ ಮಗಳು ಆ ಸಾಲಿನವಳು. ಓಇ, ಡಿಎಸ್‌ಸಿ, ನಾಲ್ಕು ವರ್ಷದ ಆನರ್ಸ್ ಎನ್ನುತ್ತ ಬೆಳೆದಳು. 2024-25ಕ್ಕೆ ಸರ್ಕಾರ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂತು. ಅವಳ ತಮ್ಮ ಸೇರಿದ್ದು ಆಗ. ಅಕ್ಕನ ನೋಟ್ಸು ತಮ್ಮನಿಗಾಗುತ್ತದೆಂದು ಅಟ್ಟದ ಮೇಲೆ ಜೋಪಾನ ಮಾಡಿದ್ದ ನಮ್ಮ ಮನೆಯವರು ಈಗ ರದ್ದಿಯವನ ದಾರಿ ನೋಡುತ್ತಿದ್ದಾರೆ.

ಘಟಿಕೋತ್ಸವ ಎಂದೆನಲ್ಲ, ಅದರ ವಿಷಯಕ್ಕೆ ಬಂದರೆ ನನಗೆ ಶಿಕಾರಿಪುರದ ಹತ್ತಿರದ ತಾಳಗುಂದ ನೆನಪಾಗದೆ ಇರದು. ಪ್ರಣವೇಶ್ವರ ದೇವಾಲಯದ ಮುಂದಿನ ಕಂಬಶಾಸನದಲ್ಲಿ ಕದಂಬರ ಕಥೆಯಿದೆ. ಮಯೂರಶರ್ಮ ಎಂಬ ಹುಡುಗ ಗುರು ವೀರಶರ್ಮರ ಜೊತೆಗೆ ಕಂಚಿಯ ಘಟಿಕೆಗೆ ಓದಲು ಹೋಗಿದ್ದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು. ಓದು ಬಿಟ್ಟ, ಕತ್ತಿ ಹಿಡಿದ, ರಾಜ್ಯ ಕಟ್ಟಿದ. ಕನ್ನಡ ನೆಲದ ಮೊದಲ ದೊಡ್ಡ ರಾಜಮನೆತನ ಹೀಗೆ ಕ್ಯಾಂಪಸ್ಸಿನ ಒಂದು ಗಲಾಟೆಯಿಂದ ಹುಟ್ಟಿತು. ಆತ ಟಿ.ಸಿ. ತೆಗೆದುಕೊಂಡಿದ್ದನೇ, ನೋ ಡ್ಯೂಸ್ ಮಾಡಿಸಿದ್ದನೇ ಎಂಬ ಬಗ್ಗೆ ಶಾಸನ ಮೌನವಾಗಿದೆ. ಎಬಿಸಿ ಐಡಿ ಇದ್ದಿದ್ದರೆ ಏಳು ವರ್ಷದೊಳಗೆ ಬನವಾಸಿಯಿಂದ ಹಿಂದಿರುಗಿ ಕ್ರೆಡಿಟ್ ಪೂರೈಸಬಹುದಿತ್ತು. ಇಂದು ಗೌನು ತೊಟ್ಟು ಫೋಟೋ ತೆಗೆಸಿಕೊಳ್ಳುವ ಹುಡುಗರಿಗೆ ಈ ಉತ್ಸವದೊಳಗೆ ಕಂಚಿಯ ಘಟಿಕೆ ಅಡಗಿದೆ ಎಂದು ಯಾರೂ ಹೇಳುವುದಿಲ್ಲ. ಬಾಡಿಗೆ ಗೌನನ್ನು ಸಂಜೆ ಐದರೊಳಗೆ ಹಿಂತಿರುಗಿಸಬೇಕು ಎಂದು ಮಾತ್ರ ಮೈಕಿನಲ್ಲಿ ಹೇಳುತ್ತಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ತಮ್ಮ ಘಟಿಕೋತ್ಸವವನ್ನು ನುಡಿಹಬ್ಬ ಎನ್ನುತ್ತಾರೆ. ಹಬ್ಬ ಅಂದ ಮೇಲೆ ಮನಸ್ಸಿಗೆ ಒಂದು ನೆಮ್ಮದಿ, ಊಟವಿರುತ್ತದೆ ಎಂದು.

ಅಂತೂ ಲಕೋಟೆ ಕೈಗೆ ಬಂತು, ಎಂಓಐ ಬಂತು, ಹುಡುಗಿ ವಿಮಾನ ಹತ್ತಿದಳು. ಇನ್ನು ಈ ಪದಗಳ ಸಹವಾಸ ಮುಗಿಯಿತೆಂದು ಕಾಲು ಚಾಚಿದ್ದೆ. ಅಲ್ಲಿಂದ ಹೊಸವು ಶುರುವಾದವು. ಜರ್ಮನಿಯವರು ಗಡಿಯಾರದ ಮುಳ್ಳು ಎಂದು ಕೇಳಿದ್ದೆವಲ್ಲ? ಅವಳ ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಎಂದು ಬರೆದು ಪಕ್ಕದಲ್ಲಿ ಸಿ.ಟಿ. ಎಂದಿರುತ್ತದಂತೆ. ಆ ಎರಡಕ್ಷರ ಇದ್ದರೆ ತರಗತಿ ಆರಂಭವಾಗುವುದು ಹತ್ತೂಕಾಲಿಗೆ. ನಮ್ಮಲ್ಲಿ ಯಾವ ಅಕ್ಷರವನ್ನೂ ಬರೆಯದೆ ನಡೆದುಬರುತ್ತಿರುವ ಪದ್ಧತಿಗೆ ಅವರು ಲ್ಯಾಟಿನ್ ಹೆಸರಿಟ್ಟು ಗೌರವ ತಂದಿದ್ದಾರೆ.

ಅಂಕದ ವಿಷಯ ಮಾತ್ರ ಅವ್ವನಿಗೆ ಅರಗಲಿಲ್ಲ. ನಮ್ಮವ್ವ ಧಾರವಾಡದ ಕಡೆಯವಳು, ಎಂಬತ್ತು ದಾಟಿದ್ದಾಳೆ. ಮೊಮ್ಮಗಳ ಸಿಜಿಪಿಎ 8.2 ಎಂದಾಗಲೇ 'ನೂರಕ್ಕ ಎಂಟs?' ಎಂದು ಹೌಹಾರಿದ್ದಳು. ಅದು ಹತ್ತಕ್ಕೆ ಎಂದು ಸಮಾಧಾನ ಹೇಳಿದ್ದೆ. ಪಕ್ಕದ ಮನೆಯ ಹುಡುಗ ವಿಟಿಯುದಲ್ಲಿ ತನ್ನ ಅಣ್ಣನ ಕಾಲಕ್ಕಿದ್ದ ಸೂತ್ರ ಹೇಳಿಕೊಟ್ಟಿದ್ದ: ಮುಕ್ಕಾಲು ಕಳೆದು ಹತ್ತರಿಂದ ಗುಣಿಸಬೇಕು. ಹಾಗೆ ಮಾಡಿದರೆ 74.5. ಅವ್ವ ಅಷ್ಟಕ್ಕೆ ಒಪ್ಪಿದ್ದಳು. ಜರ್ಮನಿಯಲ್ಲಿ ಒಂದು ಅತ್ಯುತ್ತಮ, ನಾಲ್ಕು ಬರೀ ಪಾಸು, ಐದು ಫೇಲು. ಅಲ್ಲಿಯ ಬವೇರಿಯನ್ ಸೂತ್ರಕ್ಕೆ ಹಾಕಿ, ಪಾಸಿಗೆ ನಾಲ್ಕು ಎಂದು ಹಿಡಿದು ತಿರುವಿದರೆ ನಮ್ಮ 8.2 ಹೋಗಿ 1.9 ಆಗುತ್ತದೆ.

"ಎಂಟಿದ್ದದ್ದು ಒಂದೂ ಚಿಲ್ಲರ ಆತಲ್ಲೋ! ವಿಮಾನದಾಗ ಹೋಗೂದ್ರಾಗ ಅಷ್ಟು ಕಳಕೊಂಡ್ಳೇನು?"

ಮೊನ್ನೆ ವಿಡಿಯೋ ಕಾಲಿನಲ್ಲಿ ಮೊಮ್ಮಗಳು ಒಂದು ಕಾಗದ ಹಿಡಿದು ತೋರಿಸಿದಳು. ಅಲ್ಲಿ ವಿಶ್ವವಿದ್ಯಾಲಯಕ್ಕೆ ಹೆಸರು ನೋಂದಾಯಿಸುವುದಕ್ಕೆ ಇಮ್ಮಾಟ್ರಿಕುಲಾಟ್ಸಿಯೋನ್ ಎನ್ನುತ್ತಾರಂತೆ. ಅವಳು ಬಾಯಿ ತುಂಬ ಹೇಳಿದಳು, ಅವ್ವ ಕಿವಿಗೆ ಕೈಯೊಡ್ಡಿ ಕೇಳಿದಳು. ಅಷ್ಟುದ್ದದ ಪದದಲ್ಲಿ ಅವಳಿಗೆ ಪರಿಚಯದ ಒಂದು ತುಣುಕು ಸಿಕ್ಕೇ ಸಿಕ್ಕಿತು. ಅವಳ ಅಣ್ಣ ಇಡೀ ಓಣಿಗೆ ಮೊದಲ ಮೆಟ್ರಿಕ್ ಪಾಸಾದವನು, ಮೂರನೇ ಸಲಕ್ಕೆ.

"ಮೆಟ್ರಿಕ್ಕs? ಅಲ್ಲೋ, ಇಲ್ಲೇ ಹತ್ತನೇತ್ತ ಪಾಸಾದಾಕಿ, ಅಷ್ಟು ದೂರ ಹೋಗಿ ಮತ್ತ ಮೆಟ್ರಿಕ್ ಕಟ್ಟ್ಯಾಳೇನು?"

"ಅದು ಬರೀ ಅಡ್ಮಿಷನ್ ಅಜ್ಜಿ!" ಎಂದು ಅತ್ತಲಿಂದ ನಗು.

ಅವ್ವ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಅಡ್ಮಿಷನ್ ಅಂತ ಮುಚ್ಚಿಡಾಕತ್ತಾಳ. ಇರಲಿ, ನೀನೂ ಏನೂ ಅನಬ್ಯಾಡ. ಫೀ ಕಟ್ಟೂ ತಾರೀಖು ದಾಟೇದೋ ಏನು, ಅಷ್ಟು ಕೇಳು."